ಇಬ್ಬರು ಒಳಗೆ, ಒಬ್ಬರು ಹೊರಗೆ

ಹಕ್ಕಿ ಬರಲಿಲ್ಲ.

ಇನ್‌ಸ್ಪೆಕ್ಟರ್ ಕೂತಲ್ಲೇ ಮರಗಟ್ಟಿದ ಕಾಲನ್ನು ಮೆಲ್ಲಗೆ ಚಾಚಿದಳು. ಮೂರು ಕಾಲಿನ ಪುಟ್ಟ ಸ್ಟೂಲು, ನೆತ್ತಿಗೆ ತಾಗುವ ಕ್ಯಾನ್ವಾಸ್ ಸೂರು, ಕಣ್ಣಿನ ಮಟ್ಟಕ್ಕೆ ಅಂಗೈಯಗಲದ ಒಂದೇ ಒಂದು ಕಂಡಿ. ಕಂಡಿಯಾಚೆ ಕೆರೆ. ಕೆರೆಯ ನೀರಿನಿಂದ ಮೇಲೆದ್ದ ಒಣ ಕೊಂಬೆ. ಆ ಕೊಂಬೆಗೆ ಮಿಂಚುಳ್ಳಿ ಬಂದು ಕೂರಬೇಕಿತ್ತು. ಬೆಳಕು ಹರಿಯುವ ಹೊತ್ತಿಗೆ ಡೇರೆ ಹೊಕ್ಕವಳ ಬೆನ್ನಿಗೆ ಈಗ ಬಿಸಿಲು ಚುರುಗುಟ್ಟುತ್ತಿತ್ತು. ಕೊಂಬೆ ಮಾತ್ರ ಖಾಲಿ.

ಹಾಗೆಂದು ಹಕ್ಕಿ ಇಲ್ಲದೆ ಇರಲಿಲ್ಲ. ಆಗೊಮ್ಮೆ ಈಗೊಮ್ಮೆ ದೂರದಿಂದ ಸೀಳಿದಂಥ ಒಂದು ಕೂಗು ಬರುತ್ತಿತ್ತು. ನೀರಿನ ಮೇಲೆ ನೀಲಿ ಗೆರೆಯೊಂದು ಹಾದು, ನೋಡಿದೆನೋ ಇಲ್ಲವೋ ಅನ್ನುವಷ್ಟರಲ್ಲಿ ಮಾಯವಾಗುತ್ತಿತ್ತು. ಡೇರೆಯೊಳಗೆ ಯಾರೋ ಇದ್ದಾರೆ ಅನ್ನುವುದು ಅದಕ್ಕೆ ಗೊತ್ತಿತ್ತು. ಬರುವ ಮನಸ್ಸಿರಲಿಲ್ಲ, ಅಷ್ಟೆ.

ಡೇರೆಯ ಒಡೆಯ, ಊರೆಲ್ಲ ಮಿಂಚುಳ್ಳಿ ಎಂದೇ ಕರೆಯುತ್ತಿದ್ದ ಫೋಟೋಗ್ರಾಫರ್, ಹೋದ ವಾರ ಇದೇ ಕೆರೆಯ ಜೊಂಡಿನಲ್ಲಿ ಹೆಣವಾಗಿ ಸಿಕ್ಕಿದ್ದ. ಕಾಲು ಜಾರಿ ಬಿದ್ದ ಅಂದಿತ್ತು ಊರು. ನೀರಿಗೆ ಬೀಳುವ ಮುಂಚೆಯೇ ಹಿಂತಲೆಗೆ ಪೆಟ್ಟು ಬಿದ್ದಿತ್ತು ಅಂದಿತ್ತು ಶವಪರೀಕ್ಷೆಯ ವರದಿ.

ಅವನು ಬಹಳ ಕಾಲ ಸ್ಟುಡಿಯೋ ಇಟ್ಟುಕೊಂಡಿದ್ದವನು. ಪಾಸ್‌ಪೋರ್ಟ್ ಫೋಟೋಗೆ ಬಂದವರಿಗೆಲ್ಲ ಅಲುಗಾಡಬೇಡಿ, ಅಲುಗಾಡಬೇಡಿ ಅಂತ ಹೇಳಿ ಹೇಳಿ ಬೇಸತ್ತು, ಕಡೆಗೆ ಒಂದು ಗಳಿಗೆಯೂ ಸುಮ್ಮನೆ ಕೂರದ್ದನ್ನೇ ಹುಡುಕಿಕೊಂಡು ಹೊರಟ ಅಂತ ಊರವರು ತಮಾಷೆ ಮಾಡುತ್ತಿದ್ದರು. ಸ್ಟುಡಿಯೋ ಮುಚ್ಚಿದ. ತೋಳುದ್ದದ ಟೆಲಿ ಲೆನ್ಸ್ ಒಂದನ್ನು ಕೊಂಡ. ಅಂದಿನಿಂದ ಸಾಯುವ ದಿನದವರೆಗೆ ಅವನ ಬೆಳಗೆಲ್ಲ ಈ ಡೇರೆಯಲ್ಲೇ ಕಳೆದಿತ್ತು.

ಇನ್‌ಸ್ಪೆಕ್ಟರ್ ತಲೆಯನ್ನು ಕೊರೆಯುತ್ತಿದ್ದದ್ದು ಒಂದೇ ಸಂಗತಿ. ಅವನ ಕ್ಯಾಮರಾ ಡೇರೆಯೊಳಗೇ ಟ್ರೈಪಾಡಿನ ಮೇಲೆ ನಿಂತ ಹಾಗೆಯೇ ಸಿಕ್ಕಿತ್ತು. ಅದರ ಕಾರ್ಡಿನಲ್ಲಿ ಅವನು ಸತ್ತ ಬೆಳಗಿನ ಮಿಂಚುಳ್ಳಿ ಹಕ್ಕಿಯ ಫೋಟೋಗಳಿದ್ದವು. ಅವನು ಮನೆ ಬಿಟ್ಟ ಹೊತ್ತನ್ನೂ ನಡೆದು ಬರುವ ದಾರಿಯನ್ನೂ ಲೆಕ್ಕ ಹಾಕಿದರೆ, ಅವನು ಬಂದು ಕೂತ ಬೆನ್ನಿಗೇ ಹಕ್ಕಿ ಕೊಂಬೆಗೆ ಬಂದಿತ್ತು. ಇವಳಿಗಾದರೋ ಮೂರು ಬೆಳಗು ಕಾದರೂ ದರ್ಶನವಿಲ್ಲ.

ಅವನಲ್ಲಿ ಇದ್ದು ತನ್ನಲ್ಲಿ ಇಲ್ಲದ್ದು ಏನು?

ಹೊರಗೆ ಕೆಮ್ಮಿದ ಸದ್ದಾಯಿತು. ಡೇರೆಯ ಬಾಗಿಲ ಪರದೆ ಸರಿಸಿ ದಫೇದಾರ ಬಗ್ಗಿ ಇಣುಕಿದ. ಕೈಯಲ್ಲಿ ಚಹಾದ ಫ್ಲಾಸ್ಕು.

"ಬಂತಾ ಮೇಡಂ?"

"ನನ್ನ ಮುಖ ಅದಕ್ಕೆ ಹಿಡಿಸ್ಲಿಲ್ಲ ಅನ್ಸುತ್ತೆ."

"ನಿಮ್ಮ ಮುಖ ಕಂಡ್ರೆ ಕಳ್ಳರೇ ಓಡಿಹೋಗ್ತಾರೆ. ಪಾಪ, ಹಕ್ಕಿ ಎಷ್ಟರದು," ಅಂದ ದಫೇದಾರ.

ಆಕೆಗೆ ನಗು ಬಂತು. ಆಮೇಲೆ, ಹೀಗೆ ಯಾರಾದರೂ ನಗಿಸಿ ಎಷ್ಟು ದಿನವಾಯಿತು ಎಂದು ನೆನಪು ಮಾಡಿಕೊಳ್ಳಲು ಹೋಗಿ ಅರ್ಧಕ್ಕೇ ಬಿಟ್ಟಳು. ಅಮ್ಮ ಹೋದಮೇಲೆ ಮನೆಯಲ್ಲಿ ಮಾತು ಅನ್ನುವುದೇ ಇರಲಿಲ್ಲ. ಈಗಲೂ ಬೀಗ ತೆಗೆಯುವಾಗ ಬಾಯಿ ತಾನಾಗಿಯೇ "ಬಂದೆ ಅಮ್ಮಾ" ಅನ್ನುತ್ತದೆ. ಆಮೇಲೆ ಅಡುಗೆಮನೆಯಲ್ಲಿ ನಿಂತೇ ಏನಾದರೂ ತಿಂದು ಮಲಗುವುದು. ಈ ಡೇರೆಯಲ್ಲಿ ಒಬ್ಬಳೇ ಕೂರುವುದು ಮೊದಲ ದಿನದಿಂದಲೂ ಹೊಸದೆನಿಸಿರಲಿಲ್ಲ.

*

ಗುಟ್ಟು ಬಿಡಿಸಿಕೊಟ್ಟವರು ಹಲ್ಲಿನ ಡಾಕ್ಟರು.

ಕೆರೆಯ ಸುತ್ತ ಲೆನ್ಸ್ ಹೊತ್ತು ತಿರುಗುವವರಲ್ಲಿ ಮಿಂಚುಳ್ಳಿಗೆ ಸಮ ಅನ್ನಿಸಿಕೊಂಡವರು ಇವರೊಬ್ಬರೇ. ಇಬ್ಬರೂ ಹಿಂದೆ ಜೋಡೆತ್ತಿನ ಹಾಗಿದ್ದರು. ಡಾಕ್ಟರು ತೆಗೆದ ಗಿಡುಗದ ಫೋಟೋಗೆ ಹೋದ ವರ್ಷ ದೊಡ್ಡ ಬಹುಮಾನ ಬಂದಿತ್ತು. ಆ ಫೋಟೋ ಅವರ ದವಾಖಾನೆಯ ಗೋಡೆಯನ್ನು ಅರ್ಧ ತುಂಬಿಕೊಂಡಿತ್ತು. ಬಂಡೆಯಿಂದ ನೆಗೆಯುವ ಗಿಡುಗ, ರೆಕ್ಕೆ ಬಿಚ್ಚುತ್ತಿರುವ ಕ್ಷಣ. ಗರಿಯ ಎಳೆ ಎಳೆಯೂ ಕಾಣುವಷ್ಟು ಹತ್ತಿರ. ಗಾಳಿಯಲ್ಲೇ ಪಾರಿವಾಳವನ್ನು ಹೊಡೆದುರುಳಿಸುವ ಆ ಹಕ್ಕಿಯನ್ನು ಅಷ್ಟು ಹತ್ತಿರದಿಂದ ಯಾರೂ ಹಿಡಿದಿರಲಿಲ್ಲ.

ಆ ಫೋಟೋದಿಂದಲೇ ಸ್ನೇಹ ಮುರಿದದ್ದು. ಪ್ರದರ್ಶನದ ದಿನ ಮಿಂಚುಳ್ಳಿ ಆ ಚಿತ್ರದ ಮುಂದೆ ತುಂಬಾ ಹೊತ್ತು ನಿಂತಿದ್ದು, ಎಲ್ಲರಿಗೂ ಕೇಳುವ ಹಾಗೆ, ಇದು ಕಾಡು ಹಕ್ಕಿಯ ಕಣ್ಣಲ್ಲ, ಒಂದಲ್ಲ ಒಂದು ದಿನ ಇದನ್ನು ತೋರಿಸಿಕೊಡುತ್ತೇನೆ ಅಂದು ಹೊರಟುಹೋಗಿದ್ದ.

ಇನ್‌ಸ್ಪೆಕ್ಟರ್ ಅದನ್ನು ಎತ್ತಿದಾಗ ಡಾಕ್ಟರು ಬೇಸರಪಟ್ಟುಕೊಳ್ಳಲಿಲ್ಲ. ಹೊಟ್ಟೆಕಿಚ್ಚು ಯಾರನ್ನು ಬಿಟ್ಟಿದೆ ಹೇಳಿ, ಪಾಪ, ಅವನಿಗೂ ಒಂದು ಬಹುಮಾನ ಬರಬೇಕಿತ್ತು ಅಂದರು. ಗೆಳೆಯನನ್ನು ನೆನೆದಾಗ ಅವರ ಕಣ್ಣು ನಿಜವಾಗಿಯೂ ತೇವವಾಯಿತು. ಆಕೆ ಡೇರೆಯಲ್ಲಿ ಮೂರು ಬೆಳಗು ಕೂತ ಕತೆ ಕೇಳಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಒಬ್ಬರೇ ಹೋಗಿ ಕೂತ್ರೆ ಹೇಗೆ ಬರುತ್ತೆ ಮೇಡಂ? ನೀವು ಒಳಗೆ ಹೋಗಿದ್ದನ್ನ ಅದು ಮರದ ಮೇಲಿಂದ ನೋಡಿರುತ್ತೆ. ನೀವು ಹೊರಗೆ ಬರೋವರೆಗೂ ಅದಕ್ಕೆ ನಂಬಿಕೆ ಇಲ್ಲ."

"ಮತ್ತೆ ನೀವೆಲ್ಲ ಏನು ಮಾಡ್ತೀರಿ?"

"ಇಬ್ಬರು ಹೋಗ್ತೀವಿ. ಇಬ್ಬರೂ ಒಳಗೆ ಹೊಕ್ಕು, ಒಬ್ಬರು ಎದ್ದು ವಾಪಸ್ ನಡ್ಕೊಂಡು ಹೋಗಿಬಿಡೋದು. ಹಕ್ಕಿಗೆ ಒಂದು, ಎರಡು ಅನ್ನೋ ಲೆಕ್ಕ ಬರಲ್ಲ. ಮನುಷ್ಯ ಬಂದ, ಮನುಷ್ಯ ಹೋದ. ಅದಕ್ಕೆ ಅಷ್ಟೇ ಗೊತ್ತು."

ಆಕೆ ಬರೆದುಕೊಳ್ಳುತ್ತಿದ್ದ ಪೆನ್ನನ್ನು ಹಾಗೇ ಹಿಡಿದಳು. ಮಿಂಚುಳ್ಳಿಯ ಹೆಂಡತಿ, ಅವರು ಯಾವಾಗಲೂ ಒಬ್ಬರೇ ಹೋಗುತ್ತಿದ್ದರು ಎಂದು ಮೊದಲ ದಿನವೇ ಹೇಳಿಕೆ ಕೊಟ್ಟಿದ್ದಳು. ಪತ್ರಿಕೆಯವರೂ ಅವನನ್ನು ಒಂಟಿ ತಪಸ್ವಿ ಎಂದು ಬರೆದಿದ್ದರು.

ಡಾಕ್ಟರು ಕೈಗವಸು ಕಳಚುತ್ತಾ, ದನಿ ಇಳಿಸಿ ಇನ್ನೊಂದು ಮಾತು ಹೇಳಿದರು. ಅವನ ಜೊತೆ ಆ ದಿನ ಯಾರೋ ಇದ್ದರು ಅನ್ನುವುದಂತೂ ಖಂಡಿತ. ಆ ಹೊತ್ತಿನಲ್ಲಿ, ಆ ಚಳಿಯಲ್ಲಿ, ಮನೆಯವರಲ್ಲದೆ ಇನ್ಯಾರು ಎದ್ದು ಬರುತ್ತಾರೆ? ತನಗೆ ಯಾರ ಮೇಲೂ ಬೆರಳು ತೋರಿಸುವ ಆಸೆ ಇಲ್ಲ. ಆದರೆ ಸುಳ್ಳು ಹೇಳಿದವರನ್ನು ಒಮ್ಮೆ ಕೇಳುವುದು ಒಳ್ಳೆಯದು.

*

ಠಾಣೆಗೆ ಬಂದವಳೇ ಆಕೆ ಸಾಮಾನುಕೋಣೆಯ ಬೀಗ ತೆಗೆಸಿದಳು. ಸತ್ತವನ ಕೋಟು ಮೊಳೆಗೆ ನೇತುಬಿದ್ದಿತ್ತು. ಡೇರೆಯದ್ದೇ ಹಸಿರು ಕ್ಯಾನ್ವಾಸಿನಲ್ಲಿ ಹೊಲಿದ, ಜೋಳಿಗೆಯಂತೆ ಸಡಿಲವಾದ ಮಳೆಕೋಟು. ಕುತ್ತಿಗೆಯ ಹಿಂದೆ ದೊಡ್ಡ ಟೊಪ್ಪಿಗೆ. ನೀರಿನಲ್ಲಿ ನೆನೆದು ಒಣಗಿ ಈಗ ಹಪ್ಪಳದಂತೆ ಸೆಟೆದುಕೊಂಡಿತ್ತು.

ನೇತುಹಾಕಿದವರು ಗುಂಡಿ ಹಾಕಿರಲಿಲ್ಲ. ಕೋಟು ಬಾಯಿ ತೆರೆದುಕೊಂಡು ನಿಂತದ್ದು ಆಕೆಗೆ ನೋಡಲಾಗಲಿಲ್ಲ. ಎದುರು ನಿಂತು ಒಂದೊಂದಾಗಿ ಗುಂಡಿ ಹಾಕುತ್ತಾ ಬಂದಳು. ಕೈ ತಾನಾಗಿಯೇ ಓಡಿತು. ಕಡೆಯ ದಿನಗಳಲ್ಲಿ ಅಮ್ಮನನ್ನು ಹೀಗೆಯೇ ಎದುರಿಗೆ ಕೂರಿಸಿಕೊಂಡು ಸ್ವೆಟರಿನ ಗುಂಡಿ ಹಾಕುತ್ತಿದ್ದಳು. ಅದೇ ದಿಕ್ಕು, ಅದೇ ಬೆರಳು.

ಕೊನೆಯ ಗುಂಡಿಯ ಹತ್ತಿರ ಕೈ ನಿಂತಿತು.

ಅಮ್ಮನ ಸ್ವೆಟರಿನ ಹಾಗೆ ಯಾಕೆ? ಗಂಡಸರ ಕೋಟಿಗೆ ಗುಂಡಿ ತೊಟ್ಟವರ ಬಲಗಡೆ, ಹೆಂಗಸರದ್ದಕ್ಕೆ ಎಡಗಡೆ. ಈ ಕೋಟಿನ ಗುಂಡಿಗಳು ಇದ್ದದ್ದು ಎಡಗಡೆ.

ಹೊಲಿದವಳು ಕಸುಬುದಾರಳು. ಬೇಕಾಬಿಟ್ಟಿ ಹೊಲಿಯುವವಳಲ್ಲ. ಮಿಂಚುಳ್ಳಿಯ ಹೆಂಡತಿ ಊರಿಗೆಲ್ಲ ಗೊತ್ತಿದ್ದ ಟೈಲರಮ್ಮ.

*

ಟೈಲರಮ್ಮನ ಕೋಣೆ ಗಡಿಯಾರ ರಿಪೇರಿ ಅಂಗಡಿಯ ಮಾಳಿಗೆಯಲ್ಲಿತ್ತು. ಒಬ್ಬರು ಇಳಿದರೆ ಇನ್ನೊಬ್ಬರು ಹತ್ತಲಾಗದಷ್ಟು ಇಕ್ಕಟ್ಟಾದ ಮರದ ಮೆಟ್ಟಿಲು. ಪೊಲೀಸ್ ಜೀಪು ಬಾಗಿಲಲ್ಲಿ ನಿಂತರೆ ಬೀದಿಗೆಲ್ಲ ಸುದ್ದಿಯಾದೀತೆಂದು ಇನ್‌ಸ್ಪೆಕ್ಟರ್ ದಫೇದಾರನನ್ನು ಜೀಪಿನ ಸಮೇತ ಊಟಕ್ಕೆ ಕಳಿಸಿ ಒಬ್ಬಳೇ ಹತ್ತಿ ಬಂದಳು.

ಕಿಟಕಿಯ ಪಕ್ಕ ಹೊಲಿಗೆಯಂತ್ರ. ಹಗ್ಗದ ತುಂಬ ಹೊಲಿದು ಇಸ್ತ್ರಿ ಮಾಡಿದ ಬಟ್ಟೆ. ಸಾವಿನ ಮನೆಗೆ ಹೋಗಿ ನಮ್ಮ ಬಟ್ಟೆ ಆಯಿತೇ ಎಂದು ಕೇಳುವುದು ಹೇಗೆ ಅನ್ನುವ ಸಂಕೋಚಕ್ಕೆ ಗಿರಾಕಿಗಳು ಯಾರೂ ಬಂದಿರಲಿಲ್ಲ. ಆಕೆ ಮಾತ್ರ ಹೊಲಿಯುತ್ತಲೇ ಇದ್ದಳು. ಯಂತ್ರದ ಕಟಕಟ ನಿಂತರೆ ಕೋಣೆಯಲ್ಲಿ ಇನ್ನೇನೂ ಕೇಳಿಸುವುದಿಲ್ಲ ಎಂದು ಇನ್‌ಸ್ಪೆಕ್ಟರ್‌ಗೆ ಹೇಳಬೇಕಾಗಿರಲಿಲ್ಲ.

ಉಳಿದ ಗೋಡೆಗಳ ತುಂಬ ಹಕ್ಕಿಗಳು. ನೀರು ಸೀಳಿ ಮೇಲೇಳುವ ಮಿಂಚುಳ್ಳಿ, ಕೊಕ್ಕಿನಲ್ಲಿ ಮೀನು ಹಿಡಿದ ಮಿಂಚುಳ್ಳಿ, ಮಳೆಯಲ್ಲಿ ಕುಗ್ಗಿ ಕೂತ ಮಿಂಚುಳ್ಳಿ.

"ಇವರ ಫೋಟೋದಲ್ಲಿ ಹಕ್ಕಿ ನಡುವೆ ಇರೋದೇ ಇಲ್ಲ ಅಲ್ವಾ ಅಕ್ಕಾ?" ಎಂದಳು ಇನ್‌ಸ್ಪೆಕ್ಟರ್, ಗೋಡೆ ನೋಡುತ್ತಲೇ.

ಟೈಲರಮ್ಮನ ಮುಖ ಸ್ವಲ್ಪ ಅರಳಿತು. "ಅದು ನೋಡೋ ಕಡೆ ಜಾಗ ಬಿಡಬೇಕು ಅಂತಿದ್ರು. ಇಲ್ಲದಿದ್ರೆ ಅದು ಹಾರೋದು ಎಲ್ಲಿಗೆ ಅಂತ."

ಇನ್‌ಸ್ಪೆಕ್ಟರ್ ಚೀಲದಿಂದ ಆ ಕೊನೆಯ ಬೆಳಗಿನ ಫೋಟೋಗಳ ಪ್ರಿಂಟುಗಳನ್ನು ತೆಗೆದು ಕತ್ತರಿಸುವ ಮೇಜಿನ ಮೇಲೆ ಹರಡಿದಳು. ಎಲ್ಲದರಲ್ಲೂ ಹಕ್ಕಿ ಸರಿಯಾಗಿ ನಟ್ಟನಡುವೆ. ಒಂದರಲ್ಲಿ ಬಾಲ ತುಂಡಾಗಿತ್ತು. ಇನ್ನೊಂದರಲ್ಲಿ ಹಕ್ಕಿಯೇ ಇಲ್ಲ, ಅದು ಎದ್ದುಹೋದ ಕೊಂಬೆ ಮಾತ್ರ. ಹೊಸದಾಗಿ ಕ್ಯಾಮರಾ ಹಿಡಿದವರು ತೆಗೆಯುವುದೇ ಹೀಗೆ.

ಪೆಡಲಿನ ಮೇಲಿದ್ದ ಪಾದ ನಿಂತಿತು.

"ಆ ಕೋಟು ನಿಮ್ಮದು," ಅಂದಳು ಇನ್‌ಸ್ಪೆಕ್ಟರ್ ಮೆಲ್ಲಗೆ. "ಗುಂಡಿ ಎಡಗಡೆ ಇದೆ. ಅವರ ಮೈಮೇಲೆ ನಿಮ್ಮ ಕೋಟು ಹೇಗೆ ಬಂತು ಅಂತ ನೀವೇ ಹೇಳ್ತೀರೋ, ನಾನು ಊಹೆ ಮಾಡಬೇಕೋ?"

ಟೈಲರಮ್ಮ ತಲೆ ಎತ್ತಲಿಲ್ಲ. ಯಂತ್ರದ ಸೂಜಿಯಡಿ ಸಿಕ್ಕಿದ್ದ ಬಟ್ಟೆಯನ್ನು ಬಿಡಿಸಿ, ದಾರ ಕತ್ತರಿಸಿ, ಮಡಿಸಿ ಪಕ್ಕಕ್ಕಿಟ್ಟಳು. ಹೊಲಿಗೆ ಅರ್ಧಕ್ಕೆ ಬಿಟ್ಟು ಮಾತಾಡಿ ಗೊತ್ತಿರಲಿಲ್ಲ ಆಕೆಗೆ.

ಆಮೇಲೆ ಹೇಳಿದಳು.

ಆ ಡೇರೆ ಹೊಲಿದವಳು ಆಕೆಯೇ. ಕಂಡಿ ಕತ್ತರಿಸಿ ಅಂಚು ಕಟ್ಟಿದವಳೂ ಆಕೆಯೇ. ಗಂಡ ಡೇರೆ ಹಾಕಿದ ಮೊದಲ ದಿನದಿಂದ ದಿನಾ ಬೆಳಿಗ್ಗೆ ಕತ್ತಲಿರುವಾಗಲೇ ಅವನ ಜೊತೆ ನಡೆದು ಹೋಗುತ್ತಿದ್ದಳು. ಬಗ್ಗಿ ಅವನ ಹಿಂದೆಯೇ ಒಳಗೆ ಹೊಕ್ಕು, ಕೂರದೆ, ಹಾಗೇ ಹಿಂತಿರುಗಿ ಹೊರಗೆ ಬರುವುದು. ಕೆರೆ ಏರಿಯ ದಾರಿಯಲ್ಲಿ ಹಕ್ಕಿಗಳಿಗೆ ಎದ್ದು ಕಾಣುವ ಹಾಗೆ ನಡೆಯಬೇಕು ಅಂತ ಅವನು ಹೇಳಿಕೊಟ್ಟಿದ್ದ. ಹಾಗೇ ನಡೆಯುತ್ತಿದ್ದಳು, ಟೊಪ್ಪಿಗೆ ಹಾಕಿಕೊಂಡು, ಕೈ ಬೀಸಿಕೊಂಡು. ಬೀದಿ ಏಳುವ ಹೊತ್ತಿಗೆ ಬಂದು ಯಂತ್ರದ ಮುಂದೆ ಕೂತಿರುತ್ತಿದ್ದಳು.

ಅವನಿದ್ದಾಗ ಇದನ್ನು ಮುಚ್ಚಿಟ್ಟದ್ದೇನಲ್ಲ. ಯಾರೂ ಕೇಳಿರಲಿಲ್ಲ. ಒಂಟಿ ತಪಸ್ವಿ ಅಂತ ಪತ್ರಿಕೆಯಲ್ಲಿ ಬಂದ ದಿನ ಇಬ್ಬರೂ ಓದಿ ನಕ್ಕಿದ್ದರು. ಅವನು ಆಮೇಲೂ ನಗುತ್ತಿದ್ದ. ಆಕೆಗೆ ಮಧ್ಯಾಹ್ನದ ಹೊತ್ತಿಗೆ ನಗು ನಿಂತುಹೋಗಿತ್ತು.

"ಒಳಗೆ ಕೂತು ನೋಡ್ಬೇಕು ಅಂತ ಅನ್ನಿಸ್ಲೇ ಇಲ್ವಾ?"

"ಒಬ್ಬರಿಗೇ ಜಾಗ ಇರೋದು ಮೇಡಂ. ನಾನೇ ಅಲ್ವಾ ಅಳತೆ ತಗೊಂಡು ಹೊಲಿದಿದ್ದು."

ಕೆಳಗಿನ ಅಂಗಡಿಯಲ್ಲಿ ಯಾವುದೋ ಗಡಿಯಾರ ಹೊಡೆಯಿತು. ಅದು ಮುಗಿಯುವವರೆಗೂ ಟೈಲರಮ್ಮ ಕಾದಳು.

"ಆ ದಿನ ಮಂಜಿನಲ್ಲೇ ಏರಿ ಹತ್ತಿದ ಮೇಲೆ, ಇವತ್ತು ನೀನು ಕೂತ್ಕೋ ಅಂದ್ರು. ಯಾಕೆ ಅಂತ ನಾನು ಕೇಳಲಿಲ್ಲ. ಕೇಳಿದ್ರೆ ಎಲ್ಲಿ ಮನಸ್ಸು ಬದಲಾಯಿಸಿಬಿಡ್ತಾರೋ ಅಂತ."

ಹಕ್ಕಿಗೆ ವಾಪಸ್ ಹೋಗುವವರ ಟೊಪ್ಪಿಗೆ ರೂಢಿಯಾಗಿರುತ್ತದೆ ಅಂತ ಅವನೇ ಅವಳ ಕೋಟು ತೊಟ್ಟುಕೊಂಡ. ಅವನದನ್ನು ಅವಳಿಗೆ ಹೊದಿಸಿದ. ಇಬ್ಬರದೂ ಒಂದೇ ಎತ್ತರ. ಯಾವ ಗುಂಡಿ ಒತ್ತಬೇಕು, ಎಲ್ಲಿ ಕಣ್ಣಿಡಬೇಕು ಎಂದು ಪಿಸುಮಾತಿನಲ್ಲಿ ಹೇಳಿಕೊಟ್ಟ. ನಾನೇ ಬಂದು ಕರೆಯುವವರೆಗೆ ಏಳಬೇಡ ಅಂದು ಪರದೆ ಎಳೆದು ಹೋದ.

"ಅವರು ಹೋದ ಸ್ವಲ್ಪ ಹೊತ್ತಿಗೇ ಅದು ಬಂತು. ಆ ಲೆನ್ಸಿನಲ್ಲಿ ನೋಡಿದ್ರೆ ಎಷ್ಟು ಹತ್ರ ಅಂತೀರಿ, ಅದರ ಕಣ್ಣೊಳಗೆ ನೀರು ಕಾಣ್ತಿತ್ತು. ಉಸಿರು ಬಿಟ್ರೆ ಹಾರಿಹೋಗುತ್ತೇನೋ ಅಂತ ಉಸಿರೇ ಬಿಡ್ಲಿಲ್ಲ ನಾನು. ಬಿದ್ದು, ಮೀನು ಹಿಡಿದು, ಮತ್ತೆ ಅಲ್ಲೇ ಬಂದು ಕೂತ್ಕೊಳ್ತು. ನನ್ನ ಮುಂದೇನೇ."

ಆಕೆ ಮೇಜಿನ ಮೇಲಿನ ಪ್ರಿಂಟೊಂದನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಬಿಸಿಲು ಏರಿತು. ಇವರು ಬರ್ಲಿಲ್ಲ. ಎದ್ದು ನೋಡ್ಬೇಕಿತ್ತು ಮೇಡಂ. ನಾನು ಏಳ್ಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಬರದಿದ್ರೆ ಒಳ್ಳೇದು ಅಂದ್ಕೊಂಡೆ. ಅಷ್ಟು ಖುಷಿಯಾಗಿದ್ದೆ."

ಕಂಡಿ ಇದ್ದದ್ದು ನೀರಿನ ಕಡೆಗೆ ಮಾತ್ರ. ದಾರಿ ಬೆನ್ನಿಗಿತ್ತು. ಸದ್ದೇನಾದರೂ ಕೇಳಿಸಿತೇ ಎಂದರೆ, ತನ್ನ ಎದೆಬಡಿತ ಬಿಟ್ಟು ಏನೂ ಕೇಳಿಸಲಿಲ್ಲ ಅಂದಳು. ಕಡೆಗೆ ಹಕ್ಕಿ ಎದ್ದುಹೋದ ಮೇಲೆ, ಇವರು ನನ್ನನ್ನು ಮರೆತೇಬಿಟ್ಟರು ಅಂತ ಸಿಟ್ಟು ಮಾಡಿಕೊಂಡು, ಹತ್ತಿರವಾಗುತ್ತದೆಂದು ಗದ್ದೆಯ ಕಡೆಯಿಂದ ಮನೆಗೆ ಬಂದಳು. ಸಂಜೆಯಾದರೂ ಗಂಡ ಬರದಿದ್ದಾಗ ಸಿಟ್ಟು ಹೋಗಿ ಭಯವಾಯಿತು. ಪೊಲೀಸರು ಬಂದು ಕೇಳಿದಾಗ, ಅವನು ಸಾಯುವ ಹೊತ್ತಿಗೆ ತಾನು ಹಕ್ಕಿ ನೋಡುತ್ತಾ ಸಂತೋಷಪಡುತ್ತಿದ್ದೆ ಎಂದು ಹೇಳಲು ಬಾಯಿ ಬರದೆ, ಅವರು ಒಬ್ಬರೇ ಹೋಗುತ್ತಿದ್ದರು ಅಂದುಬಿಟ್ಟಿದ್ದಳು.

ಅಮ್ಮ ಹೋದ ಮಧ್ಯಾಹ್ನ ತಾನು ಪಕ್ಕದ ಕೋಣೆಯಲ್ಲಿ ಬಹಳ ದಿನಗಳ ನಂತರ ನೆಮ್ಮದಿಯಾಗಿ ನಿದ್ದೆ ಹೋಗಿದ್ದೆ ಎಂದು ಇನ್‌ಸ್ಪೆಕ್ಟರ್ ಕೂಡ ಇದುವರೆಗೆ ಯಾರಿಗೂ ಹೇಳಿರಲಿಲ್ಲ. ಈಗಲೂ ಹೇಳಲಿಲ್ಲ. ಎದ್ದು ಹೋಗಿ ಮಡಕೆಯಿಂದ ಒಂದು ಲೋಟ ನೀರು ತಂದು ಟೈಲರಮ್ಮನ ಕೈಗೆ ಕೊಟ್ಟಳು.

ನೀರು ಕೊಟ್ಟು ತಿರುಗುವಾಗ, ಅಲ್ಲೇ ನಿಂತುಬಿಟ್ಟಳು.

ಇಷ್ಟು ಹೊತ್ತೂ ಆಕೆ ಕೇಳುತ್ತಾ ಬಂದದ್ದು ಒಂದೇ ಪ್ರಶ್ನೆ. ಮಿಂಚುಳ್ಳಿಯನ್ನು ಯಾರು ಕೊಂದರು? ಅವನ ಮೇಲೆ ಯಾರಿಗೆ ಹಗೆ ಇತ್ತು?

"ಅಕ್ಕಾ," ಅಂದಳು. "ಆ ಏರಿಯ ದಾರಿಯಲ್ಲಿ, ಆ ಟೊಪ್ಪಿಗೆ ಹಾಕ್ಕೊಂಡು, ದಿನಾ ಬೆಳಿಗ್ಗೆ ಒಬ್ಬರೇ ವಾಪಸ್ ಬರ್ತಿದ್ದಿದ್ದು ಯಾರು?"

"ನಾನೇ. ಹೇಳಿದ್ನಲ್ಲ."

"ಆ ದಿನ ಮಂಜಿತ್ತು. ಹಿಂದಿನಿಂದ ನೋಡಿದವರಿಗೆ ಕೋಟು ಕಾಣುತ್ತೆ, ಮುಖ ಕಾಣಲ್ಲ."

ಟೈಲರಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದಾಗ ಆಕೆ ಹೆದರಲಿಲ್ಲ. ಏನೋ ತಪ್ಪು ವಿಳಾಸಕ್ಕೆ ಬಂದವರನ್ನು ನೋಡುವ ಹಾಗೆ ಇನ್‌ಸ್ಪೆಕ್ಟರ್ ಮುಖ ನೋಡಿದಳು.

"ನನ್ನನ್ನಾ? ನನ್ನನ್ನ ಯಾಕೆ ಮೇಡಂ? ಕೊಲ್ಲೋಕಾದ್ರೂ ನಾನು ಯಾರಿಗಾದ್ರೂ ನೆನಪಿರಬೇಕಲ್ಲ."

ಹೇಳಿ ಲೋಟದ ನೀರು ಕುಡಿದಳು. ಕುಡಿಯುವಾಗ ಹಲ್ಲು ಲೋಟಕ್ಕೆ ತಾಗಿ ಸದ್ದಾಯಿತು.

ಇನ್‌ಸ್ಪೆಕ್ಟರ್ ಸ್ಟೂಲು ಎಳೆದುಕೊಂಡು ಎದುರಿಗೇ ಕೂತು ಒಂದೊಂದಾಗಿ ಕೇಳಿದಳು. ಜಗಳ? ಯಾರ ಜೊತೆಗೂ ಇಲ್ಲ. ಜಾಗದ ತಕರಾರು? ಬಾಡಿಗೆ ಕೋಣೆಗೆ ಎಂಥ ತಕರಾರು. ಹೊಲಿಗೆ ಸರಿಯಾಗಲಿಲ್ಲ ಅಂತ ಕೂಗಾಡಿದ ಗಿರಾಕಿ? ಒಬ್ಬಿಬ್ಬರಿದ್ದರು, ಬಿಚ್ಚಿ ಮತ್ತೆ ಹೊಲಿದುಕೊಟ್ಟದ್ದಾಯಿತು. ನೀವು ದಿನಾ ಕೆರೆಗೆ ಹೋಗಿ ಬರುವುದು ಯಾರಿಗೆ ಗೊತ್ತಿತ್ತು? ಯಾರಿಗೂ ಇಲ್ಲ. ಅವರ ಹಳೇ ಸ್ನೇಹಿತರಿಗೆ ಗೊತ್ತಿರಬಹುದು.

"ನಿಮ್ಮವರು ಹೋದ ಮೇಲೆ ನಿಮ್ಮನ್ನ ನೋಡೋಕೆ ಯಾರ್ಯಾರು ಬಂದಿದ್ರು?"

"ಬಂದವರು ಯಾರೂ ಇಲ್ಲ. ಹಲ್ಲಿನ ಡಾಕ್ಟ್ರು ಫೋನ್ ಮಾಡ್ತಿರ್ತಾರೆ. ನಮ್ಮವರ ಜೊತೆ ಮಾತು ಬಿಟ್ಟಿದ್ರೂ ದೊಡ್ಡ ಮನಸ್ಸು ಅವರದು. ಊಟ ಮಾಡಿದೆಯಾ ತಂಗೀ ಅಂತ ಕೇಳೋರು ಅವರೊಬ್ಬರೇ ಈಗ."

"ಇನ್ನೇನು ಕೇಳ್ತಾರೆ?"

ಟೈಲರಮ್ಮ ಸ್ವಲ್ಪ ಯೋಚಿಸಿ, ಅಂಥಾದ್ದೇನೂ ಇಲ್ಲ ಅಂದಳು. ಒಂದು ಸಣ್ಣ ಕೆಲಸ. ಹಿಂದೊಮ್ಮೆ ಡಾಕ್ಟರು ಗೊಂಬೆಗೆ ಅಂತ ಒಂದು ಟೊಪ್ಪಿ ಹೊಲಿಸಿಕೊಂಡಿದ್ದರು. ಮೊದಲು ಹೊಲಿದದ್ದು ಅಳತೆಗೆ ಚಿಕ್ಕದಾಗಿ, ಎರಡನೆಯದನ್ನು ಕೊಟ್ಟಿದ್ದಳು. ಆ ಮೊದಲನೆಯದು ಇನ್ನೂ ಇದ್ದರೆ ಹುಡುಕಿಡು, ಬಂದು ತೆಗೆದುಕೊಳ್ಳುತ್ತೇನೆ ಅಂದಿದ್ದಾರೆ. ಇವತ್ತು ಬೆಳಿಗ್ಗೆಯಷ್ಟೇ ಸಿಕ್ಕಿತು.

ಮೇಜಿನ ಗೂಡಿಗೆ ಕೈ ಹಾಕಿ ತೆಗೆದು ಕೊಟ್ಟಳು.

ಮೆತ್ತನೆಯ ಚರ್ಮದ ಪುಟ್ಟ ಟೊಪ್ಪಿ. ಇನ್‌ಸ್ಪೆಕ್ಟರ್ ಹೆಬ್ಬೆರಳಿಗಿಂತ ಅಷ್ಟೇನೂ ದೊಡ್ಡದಲ್ಲ. ಹಿಂದೆ ಎಳೆದು ಕಟ್ಟಲು ಎರಡು ಸಣ್ಣ ದಾರ. ಮುಂದೆ ಒಂದು ಸೀಳು. ಗೊಂಬೆಯ ಟೊಪ್ಪಿ ಮುಖ ಕಾಣುವ ಹಾಗಿರುತ್ತದೆ. ಇದರಲ್ಲಿ ಕಣ್ಣಿನ ಜಾಗ ಎರಡೂ ಕಡೆ ಉಬ್ಬಿಸಿ ಮುಚ್ಚಿತ್ತು. ಸೀಳು ಇದ್ದದ್ದು ಕೊಕ್ಕು ಹೊರಬರುವುದಕ್ಕೆ.

ಹಿಂದೆ ಹಕ್ಕಿಗಳ ಕಳ್ಳಸಾಗಣೆಯ ಕೇಸೊಂದರಲ್ಲಿ ಇಂಥದ್ದನ್ನು ಆಕೆ ಕಂಡಿದ್ದಳು. ಸಾಕಿದ ಗಿಡುಗದ ತಲೆಗೆ ತೊಡಿಸುವುದು. ಕಣ್ಣು ಕತ್ತಲಾದರೆ ಹಕ್ಕಿ ರೆಕ್ಕೆ ಬಡಿಯದೆ ಹೇಳಿದ ಕಡೆ ಕೂರುತ್ತದೆ. ಬಂಡೆಯ ಮೇಲೆ ಕೂರಿಸಿ, ಲೆನ್ಸ್ ಸರಿಯಾಗಿ ಹೊಂದಿಸಿಕೊಂಡು, ಟೊಪ್ಪಿ ಕಿತ್ತರೆ ನೆಗೆಯುತ್ತದೆ.

"ಇದನ್ನ ಹೊಲಿದದ್ದು ನಿಮ್ಮವರಿಗೆ ಗೊತ್ತಿತ್ತಾ ಅಕ್ಕಾ?"

"ಇಲ್ಲ. ಗೊಂಬೆ ಟೊಪ್ಪಿ ವಿಷಯ ಅವರಿಗ್ಯಾಕೆ ಹೇಳ್ಲಿ?"

ಗೋಡೆ ತುಂಬುವ ಆ ಬಹುಮಾನದ ಚಿತ್ರ ಸುಳ್ಳು ಅಂತ ಮಿಂಚುಳ್ಳಿ ಊರಿಗೆಲ್ಲ ಸಾರಿದ್ದ. ಸಾಕ್ಷಿ ಅವನ ಮನೆಯಲ್ಲೇ, ಅವನ ಪಕ್ಕದಲ್ಲೇ, ದಿನಾ ಅವನ ಜೊತೆ ಕೆರೆಗೆ ನಡೆದು ಬರುತ್ತಿತ್ತು. ಅದು ಗೊತ್ತಿದ್ದದ್ದು ಒಬ್ಬರಿಗೆ ಮಾತ್ರ.

ಇನ್‌ಸ್ಪೆಕ್ಟರ್ ಟೊಪ್ಪಿಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಇದೊಂದೇ ಸಾಲದು. ಇದು ಫೋಟೋ ಸುಳ್ಳು ಅನ್ನುತ್ತದೆ, ಕೊಲೆ ಮಾಡಿದವರು ಯಾರು ಅನ್ನುವುದಿಲ್ಲ. ಒಳ್ಳೆ ವಕೀಲ ಸಿಕ್ಕಿದರೆ ಗೊಂಬೆಯ ಟೊಪ್ಪಿಯಾಗಿಯೇ ಉಳಿದೀತು.

"ಯಾವಾಗ ಬರ್ತೀನಿ ಅಂದ್ರು?"

"ಈಗಲೇ, ದವಾಖಾನೆ ಮುಚ್ಚಿಕೊಂಡು. ನನ್ನನ್ನ ಕೆರೆ ಹತ್ರ ಕರ್ಕೊಂಡು ಹೋಗ್ತೀನಿ ಅಂದಿದ್ದಾರೆ. ಅವರು ಕೂರ್ತಿದ್ದ ಜಾಗ ಒಂದು ಸಲ ನೋಡಿ ಬಂದ್ರೆ ಮನಸ್ಸು ಹಗುರ ಆಗುತ್ತೆ ಅಂತ."

ಕೆಳಗೆ ಬೀದಿಯಲ್ಲಿ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಗಡಿಯಾರ ರಿಪೇರಿಯವನು ಯಾರಿಗೋ ನಮಸ್ಕಾರ ಹೇಳಿದ. ಆಮೇಲೆ ಮರದ ಮೆಟ್ಟಿಲು ಒಂದೊಂದಾಗಿ ಕಿರುಗುಟ್ಟತೊಡಗಿತು. ಅವಸರವೇ ಇಲ್ಲದ ಹೆಜ್ಜೆಗಳು.

ಬೇರೆ ಬಾಗಿಲಿಲ್ಲ. ದಫೇದಾರ ಬರಲು ಇನ್ನೂ ಹೊತ್ತಿತ್ತು. ಇನ್‌ಸ್ಪೆಕ್ಟರ್ ಸದ್ದು ಮಾಡದೆ ಎದ್ದು, ಹಗ್ಗಕ್ಕೆ ನೇತುಹಾಕಿದ ಬಟ್ಟೆಗಳ ಹಿಂದೆ ಸರಿದು, ಗೋಡೆಗೆ ಬೆನ್ನು ಕೊಟ್ಟು ನಿಂತಳು. ಎರಡು ಕೋಟುಗಳ ನಡುವಿನ ಸಂದಿಯಲ್ಲಿ ಟೈಲರಮ್ಮನ ಮುಖ ಮಾತ್ರ ಕಾಣುತ್ತಿತ್ತು. ಆಕೆ ಇನ್‌ಸ್ಪೆಕ್ಟರ್‌ನ ಮುಷ್ಟಿಯನ್ನು ನೋಡಿದಳು, ಬಾಗಿಲನ್ನು ನೋಡಿದಳು, ಮತ್ತೆ ಮುಷ್ಟಿಯನ್ನು ನೋಡಿದಳು. ಆ ಮುಖದಲ್ಲಿ ಏನೋ ಒಂದು ನಿಧಾನವಾಗಿ ಕಲ್ಲಾಯಿತು.

ಹೆಜ್ಜೆ ಬಾಗಿಲಾಚೆ ನಿಂತಿತು.

"ತಂಗೀ," ಎಂದಿತು ಅಕ್ಕರೆಯ ದನಿ. "ಒಬ್ಬಳೇ ಇದ್ದೀಯಾ?"

ಟೈಲರಮ್ಮ ಬಟ್ಟೆಗಳ ಸಂದಿಯತ್ತ ಕಣ್ಣೆತ್ತಿದಳು. ಇನ್‌ಸ್ಪೆಕ್ಟರ್ ಹೌದೆಂಬಂತೆ ತಲೆಯಾಡಿಸಿದಳು.

ಟೈಲರಮ್ಮ ಯಂತ್ರದ ಮೇಲಿದ್ದ ದೊಡ್ಡ ಕತ್ತರಿಯನ್ನು ತೊಡೆಯ ಮೇಲಿನ ಬಟ್ಟೆಯಡಿಗೆ ಸರಿಸಿಕೊಂಡಳು.

"ಹೌದಣ್ಣಾ," ಅಂದಳು. "ಒಬ್ಬಳೇ. ಒಳಗೆ ಬನ್ನಿ."